ಮುಂಡಾಜೆಯ ಗಾಳಿಮರ

ವಾಮದಪದವು
27-7-1958

ಅಮ್ಮಣಿ ಅತ್ತಿಗೆಗೆ ಪೂವಮ್ಮನ ನಮಸ್ಕಾರ.

ನಾವಿಲ್ಲಿ ನೆನೆದುಕೊಂಡು ಇದ್ದೇವೆ. ನೀವಲ್ಲಿ ಬೆಚ್ಚಗಿದ್ದೀರೆಂದು ಒಣಮೀನು ಮಾರುವ ಅಬ್ದುಲ್ ರವೂಫ್ ಹೇಳಿದ. ಅವನು ಹೇಳಿದ್ದು ಅದೊಂದೇ ಅಲ್ಲ. ಬೆಳ್ತಂಗಡಿಯಲ್ಲಿ ವನಮಹೋತ್ಸವಕ್ಕೆಂದು ಸರಕಾರದವರು ಕೊಡುವ ಗಾಳಿಮರದ ಗಿಡಗಳನ್ನು ನಿಮ್ಮ ತಮ್ಮ ಒಂದು ಗಾಡಿ ತುಂಬ ಹೇರಿಸಿಕೊಂಡು ಮುಂಡಾಜೆಗೆ ತಂದರಂತೆ. ಒಂದು ವಾರದಿಂದ ನಿಮ್ಮ ಹಿತ್ತಲಿನಲ್ಲಿ ಗುಂಡಿ ತೋಡುತ್ತಿದ್ದಾರಂತೆ. ನನ್ನ ಹತ್ತಿರ ಹೇಳಿದ್ದು, 'ಬೆಳ್ತಂಗಡಿಯಲ್ಲಿ ಸಣ್ಣ ಕೆಲಸ ಉಂಟು, ನಾಳೆ ಬರ್ತೇನೆ' ಎಂದು. ಗಂಡ ಎಲ್ಲಿದ್ದಾನೆ ಎಂದು ಹೆಂಡತಿ ಒಣಮೀನಿನವನ ಬಾಯಿಂದ ಕೇಳಬೇಕಾಯಿತು.

ಗಿಡ ನೆಡುವುದು ಒಳ್ಳೆಯ ಕೆಲಸ, ಬೇಡ ಎನ್ನಲು ನಾನು ಯಾರು? ಆದರೆ ನಮ್ಮ ಮನೆ ಇರುವುದು ಗುಡ್ಡದ ನೆತ್ತಿಯ ಬೋಳು ಪದವಿನ ಮೇಲೆ. ಇಲ್ಲಿ ಮುರಕಲ್ಲು ಮತ್ತು ಮುಳಿಹುಲ್ಲು ಬಿಟ್ಟರೆ ಗಾಳಿಗೆ ಅಡ್ಡ ನಿಲ್ಲುವುದು ನನ್ನ ದನದ ಹಟ್ಟಿ ಒಂದೇ. ಮೊನ್ನೆ ಹಟ್ಟಿಯ ಸೋಗೆಯ ಮಾಡು ಹಾರಿಹೋಗಿ ಬಾವಿಕಟ್ಟೆಯ ಮೇಲೆ ಬಿತ್ತು. ಗಬ್ಬದ ದನ ಮಳೆಯಲ್ಲಿ ನಿಂತಿತ್ತು. ನಾನು ಮತ್ತು ಮಗಳು ಸ್ವರ್ಣ ಮಡಲು ಹಿಡಿದುಕೊಂಡು ಅದರ ಬೆನ್ನಿಗೆ ಮರೆ ಮಾಡಿದೆವು. ಆ ಹೊತ್ತಿಗೆ ನಿಮ್ಮ ತಮ್ಮ ನಿಮ್ಮ ಮನೆಗೆ ಗಾಳಿ ತಾಗದ ಹಾಗೆ ನೋಡಿಕೊಳ್ಳುತ್ತಿದ್ದರು.

ನಿಮ್ಮ ಸೋದರಮಾವ ತೀರಿಹೋಗಿ ವರ್ಷವಾಯಿತು. ನಮ್ಮದು ಅಳಿಯಕಟ್ಟಿನ ಜಾತಿ. ಮಾವ ಹೋದ ಮೇಲೆ ಯಜಮಾನಿಕೆ ಸೋದರಳಿಯನಿಗೆ, ಅವನು ಹೆಂಡತಿಯ ಮನೆ ಬಿಟ್ಟು ಹುಟ್ಟಿದ ಮನೆಯಲ್ಲಿ ಹೋಗಿ ಕೂರಬೇಕು. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ವರ್ಷವಿಡೀ ಆ ಮಾತನ್ನು ನೀವೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮರೆತುಹೋಯಿತೋ ಏನೋ ಎಂದು ನಾನು ಸುಮ್ಮನಿದ್ದೆ. ಈಗ ಗಿಡ ನೆಡುತ್ತಿದ್ದಾರೆ. ತಾನು ಇರದ ಮನೆಗೆ ಯಾರಾದರೂ ಗಾಳಿಗೆ ಅಡ್ಡ ಕಟ್ಟುತ್ತಾರೆಯೇ ಅತ್ತಿಗೆ? ಅವರು ಯಾವಾಗ ಅಲ್ಲಿಗೆ ಬಂದು ಕೂರುವುದೆಂದು ನಿಶ್ಚಯವಾಗಿದ್ದರೆ ನನಗೂ ತಿಳಿಸಿ. ಬಟ್ಟೆ ಒಗೆದು ಮಡಚಿ ಇಡುತ್ತೇನೆ.

ಇತಿ ನಿಮ್ಮ ತಮ್ಮನ ಹೆಂಡತಿ,
ಪೂವಮ್ಮ


ಮುಂಡಾಜೆ
9-8-1958

ಪೂವಮ್ಮನಿಗೆ ಅಮ್ಮಣಿಯ ಆಶೀರ್ವಾದ.

ನಿನ್ನ ಕಾಗದ ಸಿಕ್ಕಿತು. ಗಿಡದ ವಿಷಯ ಕಡಿಮೆ ಉಂಟು, ನನ್ನ ವಿಷಯ ಹೆಚ್ಚು ಉಂಟು.

ಯುದ್ಧದ ಕಾಲದಲ್ಲಿ ಮಾವ ಈ ಗುಡ್ಡದ ಮರಗಳನ್ನೆಲ್ಲ ಇದ್ದಲು ಸುಡುವವನಿಗೆ ಕೊಟ್ಟರು. ಅಂದಿನಿಂದ ಪ್ರತಿ ಮಳೆಗಾಲ ಗುಡ್ಡದ ಕೆಂಪುಮಣ್ಣು ಕೆಳಗಿನ ಗದ್ದೆಗೆ ಇಳಿಯುತ್ತದೆ. ಮಕರ ತಿಂಗಳಿನಲ್ಲಿ ಚಾರ್ಮಾಡಿಯಿಂದ ಬರುವ ಮೂಡಗಾಳಿಗೆ ಮನೆಯ ಹಂಚು ನಿಲ್ಲುವುದಿಲ್ಲ. ಸುಬ್ಬಯ್ಯ ಗುಡ್ಡಕ್ಕೆ ಗೇರು ಹಾಕಿದ್ದಾನೆ, ಮಣ್ಣು ಹಿಡಿಯಲಿ ಎಂದು. ಮನೆಯ ಮೂಡು ಬದಿಯ ಹಿತ್ತಲಿಗೆ ಗಾಳಿಮರದ ಸಾಲು. ಹುಟ್ಟಿದ ಮನೆಗೆ ಒಬ್ಬ ಗಂಡಸು ಇಷ್ಟು ಮಾಡುವುದು ತಪ್ಪೆಂದು ನನಗೆ ಗೊತ್ತಿರಲಿಲ್ಲ.

ಅವನಿಗೆ ನಾಲ್ಕು ವರ್ಷ ಆಗುವಾಗ ಅಮ್ಮ ಹೋದಳು. ಸೊಂಟದಲ್ಲಿ ಎತ್ತಿಕೊಂಡು ಅನ್ನ ಉಣಿಸಿದವಳು ನಾನು. ವರ್ಷದ ಮುಕ್ಕಾಲು ಪಾಲು ಅವನು ನಿನ್ನ ಕೈಯ ಅನ್ನ ಉಣ್ಣುತ್ತಾನೆ. ಒಂದು ವಾರ ನನ್ನ ಕೈಯದ್ದು ಉಂಡರೆ ನಿನ್ನ ಹಟ್ಟಿಯ ಮಾಡು ಹಾರಬೇಕೆ? ಅದು ಸೋಗೆ ಕಟ್ಟಿದವರ ತಪ್ಪು. ಅವನು ಈ ಸಲ ಬಹಳ ಬಡಕಲಾಗಿ ಬಂದಿದ್ದ. ನೀನು ಏನು ಬಡಿಸುತ್ತೀ ಎಂದು ನಾನು ಕೇಳಲಿಲ್ಲ.

ಯಜಮಾನಿಕೆಯ ಮಾತು ಕಾಗದದಲ್ಲಿ ಬರೆಯುವಂಥದ್ದಲ್ಲ. ಮಗ ಶಂಭು ಮೂಡಬಿದಿರೆಯಲ್ಲಿ ಓದುತ್ತಿದ್ದಾನೆ. ಮನೆಯಲ್ಲಿ ನಾನು ಮತ್ತು ಆಳು ಹುಕ್ರಪ್ಪ. ಗಿಡಗಳಿಗೆ ಮುಳ್ಳಿನ ಬೇಲಿ ಆಗಬೇಕು. ಸುಬ್ಬಯ್ಯನನ್ನು ನವರಾತ್ರಿಯ ಮೊದಲು ಇನ್ನೊಮ್ಮೆ ಕಳುಹಿಸು.

ಇತಿ,
ಅಮ್ಮಣಿ


ವಾಮದಪದವು
18-1-1959

ಅಮ್ಮಣಿ ಅತ್ತಿಗೆಗೆ,

ಕಳುಹಿಸು ಎಂದಿರಿ, ಕಳುಹಿಸಿದೆ. ಬೇಲಿಗೆ ಎಂದಿರಿ, ಕಳುಹಿಸಿದೆ. ಆಮೇಲೆ ನೀರು ಹಾಕಲು, ಆಮೇಲೆ ಬುಡಕ್ಕೆ ಸೊಪ್ಪು ಮುಚ್ಚಲು. ನಿಮ್ಮ ಗಿಡಗಳಿಗೆ ಬಾಯಿ ಉಂಟೋ ಏನೋ, ಹದಿನೈದು ದಿವಸಕ್ಕೊಮ್ಮೆ ಅವರ ಹೆಸರು ಹಿಡಿದು ಕರೆಯುತ್ತವೆ.

ಮೊನ್ನೆ ಊಟಕ್ಕೆ ಕೂತಿದ್ದರು. ಹೊರಗೆ ಗಾಳಿ ಎದ್ದಿತು. ಕಲಸಿದ ತುತ್ತು ಕೈಯಲ್ಲೇ ಇತ್ತು, ತಲೆ ಎತ್ತಿ, 'ಮುಂಡಾಜೆಯಲ್ಲಿ ಗಿಡ ಬಾಗ್ತದೋ ಏನೋ' ಎಂದರು.

'ಇಲ್ಲಿ ಬಾಳೆ ಬಾಗಿಯೇ ಆಯಿತು' ಎಂದೆ.

'ಅದಕ್ಕೆ ಕೋಲು ಕೊಡುವ, ಮಾರಾಯ್ತಿ' ಎಂದರು. ಊಟ ಮುಗಿಸಿ ಕೈ ತೊಳೆದರು, ಕೋಲು ಕೊಟ್ಟರು, ಮಾರನೆಯ ಬೆಳಗ್ಗಿನ ಬಸ್ಸಿಗೆ ನಿಮ್ಮಲ್ಲಿಗೆ ಹೋದರು. ನನ್ನ ಬಾಳೆ ಕೋಲಿನ ಸಮೇತ ಮಲಗಿದೆ.

ಸ್ವರ್ಣ ಕೇಳಿದಳು: 'ಅಮ್ಮ, ಅಪ್ಪ ನೆಟ್ಟ ಗಿಡ ದೊಡ್ಡ ಆದ್ರೆ ಯಾರಿಗೆ?' ಶಂಭುವಿಗೆ ಎಂದೆ. 'ನನಗೆ?' ಎಂದಳು. ಅಳಿಯಕಟ್ಟನ್ನು ಅವಳಿಗೆ ಹೇಗೆ ಬಿಡಿಸಿ ಹೇಳಲಿ? ಅವಳಪ್ಪ ಕೈಯಾರೆ ನೆಟ್ಟ ಸಾಲಿನ ಒಂದು ಕಡ್ಡಿಯೂ ಅವಳದಲ್ಲ. ಇಲ್ಲಿ ನಮ್ಮ ಪದವಿನಲ್ಲಿ ನೆಟ್ಟಿದ್ದರೆ ಅವಳದಾಗುತ್ತಿತ್ತು. ಇಲ್ಲಿ ಅವರು ಇವತ್ತಿನವರೆಗೆ ಒಂದು ದಾಸವಾಳದ ಗೆಲ್ಲು ಕೂಡ ಊರಿಲ್ಲ.

ನನಗೆ ಹೊಟ್ಟೆಕಿಚ್ಚು ಅತ್ತಿಗೆ, ಬಾಯಿಬಿಟ್ಟು ಹೇಳುತ್ತೇನೆ. ಬೇರೆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ಕಂಡಿದ್ದೇನೆ. ಮೊಣಕಾಲೆತ್ತರದ ಗಿಡದ ಮೇಲೆ ಪಡುವವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಅವರು ಇಲ್ಲಿ ಇರುವಾಗಲೂ ಅರ್ಧ ಅಲ್ಲಿಯೇ ಇರುತ್ತಾರೆ. ಉಳಿದರ್ಧ ಯಾವಾಗ ಹೋಗುವುದೆಂದು ನಾನು ದಿನಾ ಬೆಳಗ್ಗೆ ಅವರ ಮುಖ ನೋಡುತ್ತೇನೆ.

ವಿಷುವಿನ ನಂತರ ನಿಮ್ಮಲ್ಲಿ ದೈವಕ್ಕೆ ತಂಬಿಲದ ಪೂಜೆ ಉಂಟಲ್ಲ, ಆಗ ಬರುತ್ತೇನೆ. ಆ ಗಿಡಗಳನ್ನು ನನಗೂ ಒಮ್ಮೆ ನೋಡಬೇಕು.

ಇತಿ,
ಪೂವಮ್ಮ


ಮುಂಡಾಜೆ
4-5-1959

ಪೂವಮ್ಮನಿಗೆ,

ತಂಬಿಲಕ್ಕೆ ಬಂದೆ, ಉಂಡೆ, ಹೋದೆ. ಸಂತೋಷ.

ನೀನು ಮಧ್ಯಾಹ್ನ ಒಬ್ಬಳೇ ಹಿತ್ತಲಿಗೆ ಹೋದದ್ದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ನೋಡಿದೆ. ಸುಬ್ಬಯ್ಯ ಒಂದೊಂದು ಗಿಡಕ್ಕೂ ಹೆಣೆದ ಮುಳ್ಳಿನ ಗೂಡನ್ನು ನೀನು ಬಗ್ಗಿ ಬಗ್ಗಿ ನೋಡಿದೆ. ಬುಡದಲ್ಲಿ ಅವನು ಹೂತಿಟ್ಟ ನೀರಿನ ಮಡಕೆಯೊಳಗೆ ಬೆರಳು ಹಾಕಿ ನೋಡಿದೆ. ಒಳಗೆ ಹೋಗುವಾಗ ಬೇಲಿಯ ತಡಮೆಯ ಗಳ ಸರಿಸಿದೆ. ಬರುವಾಗ ಹಾಕಲಿಲ್ಲ.

ಗದ್ದೆ ಕೊಯ್ದ ಮೇಲೆ ಊರಿನ ದನಗಳೆಲ್ಲ ಬಿಟ್ಟೇ ಇರುತ್ತವೆ, ಅದು ನಿನಗೂ ಗೊತ್ತು. ನೀವು ಬಸ್ಸು ಹತ್ತುವ ಹೊತ್ತಿಗೆ ಅವು ಒಳಗೆ ನುಗ್ಗಿದ್ದವು. ಸಾಲಿನ ನಡುವಿನ ಗಿಡಗಳು ಹೋದವು. ಕೆಲವನ್ನು ಮೇದಿವೆ, ಕೆಲವನ್ನು ಗೂಡಿನ ಸಮೇತ ತುಳಿದಿವೆ. ಬಾಯಿಯ ಮುಂದಿನ ಹಲ್ಲು ಬಿದ್ದ ಹಾಗೆ ಕಾಣುತ್ತದೆ.

'ಪೂವಮ್ಮಕ್ಕನಿಗೆ ಮರೆತು ಹೋದದ್ದು' ಎಂದು ಹುಕ್ರಪ್ಪ ಹೇಳಿದ. ಹೌದು ಎಂದೆ, ಆಳಿನ ಹತ್ತಿರ ಮತ್ತೇನು ಹೇಳುವುದು? ನೀನು ಮರೆಯುವವಳಲ್ಲ. ಒಂಬತ್ತು ತಿಂಗಳ ಹಿಂದೆ ನಾನು ಬರೆದ ಒಂದು ಶಬ್ದ ನಿನಗೆ ನೆನಪಿರುತ್ತದೆ.

ಇತಿ,
ಅಮ್ಮಣಿ


ವಾಮದಪದವು
15-5-1959

ಅಮ್ಮಣಿ ಅತ್ತಿಗೆಗೆ,

ತಡಮೆ ಹಾಕಲು ನಾನೇನು ನಿಮ್ಮ ಮನೆಯ ಆಳೇ? ಕಿಟಕಿಯಲ್ಲಿ ನಿಂತು ನೋಡಿದವರು ನೀವು. ಒಂದು ಕೂಗು ಹಾಕಿದ್ದರೆ ದನಗಳು ಹೋಗುತ್ತಿದ್ದವು.

ಬೇರೆ ಹೇಳಲಿಕ್ಕೆ ಉಂಟು. ಆ ಮುಳ್ಳಿನ ಗೂಡುಗಳನ್ನು ನಾನು ನೋಡಿದೆ, ಹೌದು. ನನ್ನ ಮಗಳಿಗೆ ತೊಟ್ಟಿಲು ಕಟ್ಟಿದಾಗ ಕೂಡ ಅವರು ಅಷ್ಟು ನಯವಾಗಿ ಹಗ್ಗ ಹೆಣೆದಿರಲಿಲ್ಲ. ಬೆರಳು ಹಾಕಿದ್ದು ನೀರು ಉಂಟೋ ಎಂದು. ಉಂಟು, ಮಡಕೆ ತುಂಬ ಉಂಟು. ಆಗ ನನಗೆ ಏನಾಯಿತೆಂದು ನಾನು ಬರೆಯುವುದಿಲ್ಲ.

ಗಿಡ ಹೋದ ಸುದ್ದಿ ನಿಮ್ಮ ತಮ್ಮನಿಗೆ ತಲುಪಿತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಹೇಳುತ್ತಿದ್ದೆ. ಮೂರನೆಯ ದಿವಸ, 'ಈ ಮಳೆಗಾಲ ಪೂರ್ತಿ ನಾನು ಅಲ್ಲಿ ಇರ್ಬೇಕಾಗ್ತದೆ' ಎಂದರು.

ಇನ್ನು ನನ್ನಿಂದ ಆಗುವುದಿಲ್ಲ. ಒಂದೇ ಮಾತಿನಲ್ಲಿ ಹೇಳಿ. ಅವರು ಯಜಮಾನರಾಗಿ ಮುಂಡಾಜೆಯಲ್ಲಿ ಕೂರುವುದು ಯಾವಾಗ? ಕೂರುವುದಾದರೆ ಕೂರಲಿ, ಕಟ್ಟನ್ನು ಮುರಿಯಲು ನನ್ನಿಂದ ಆಗುತ್ತದೆಯೇ? ಹೀಗೆ ಗಿಡದ ನೆಪದಲ್ಲಿ ಸ್ವಲ್ಪ ಸ್ವಲ್ಪವಾಗಿ ಕರೆದುಕೊಳ್ಳಬೇಡಿ.

ಇತಿ,
ಪೂವಮ್ಮ


ಮುಂಡಾಜೆ
28-5-1959

ಪೂವಮ್ಮನಿಗೆ,

ಹೇಳುತ್ತೇನೆ, ಕೂತು ಓದು.

ಮಾವನ ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಸುಬ್ಬಯ್ಯ ಜಗಲಿಯಲ್ಲಿ ನನ್ನ ಹತ್ತಿರ ಬಂದು ಕೂತ. 'ಅಕ್ಕ, ಯಜಮಾನಿಕೆ ನೀನೇ ನೋಡು. ನನಗೆ ಪದವು ಬಿಟ್ಟು ಬರ್ಲಿಕ್ಕೆ ಆಗುವುದಿಲ್ಲ' ಎಂದ.

ಯಾಕೆ ಎಂದೆ.

'ಅಲ್ಲಿ ಅವಳು ಇದ್ದಾಳಲ್ಲ' ಎಂದ.

ಅಷ್ಟೇ. ಮದುವೆಯಾಗಿ ಹತ್ತು ವರ್ಷ ಆದ ಗಂಡಸು ಅಕ್ಕನ ಮುಖ ನೋಡಿ ಹೇಳುವ ಮಾತೇ ಅದು? ನನಗೆ ಆ ದಿನ ಊಟ ಸೇರಲಿಲ್ಲ. ಶಂಭುವಿನ ಅಪ್ಪನಿಗೂ ಅವರ ಮನೆಯ ಯಜಮಾನಿಕೆ ಬಂದಿತ್ತು. ಬಂದ ದಿನವೇ ಕೊಡೆ ತೆಗೆದುಕೊಂಡು ಇಳಿದು ಹೋದರು. ವರ್ಷಕ್ಕೆ ನಾಲ್ಕು ಸಲ ನೆಂಟರ ಹಾಗೆ ಬರುತ್ತಾರೆ. ಇಲ್ಲಿ ಅಮ್ಮಣಿ ಇದ್ದಾಳಲ್ಲ ಎಂದು ಅವರು ಯಾರ ಹತ್ತಿರವೂ ಹೇಳಲಿಲ್ಲ. ನಾನು ಬೆಳೆಸಿದ ಹುಡುಗ ನಿನಗಾಗಿ ಹೇಳಿದ. ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಇರುವುದೆಂದು ತಿಳಿಯಬೇಡ.

ನಾನು ಒಂದು ಕರಾರು ಹಾಕಿದೆ. 'ಹಾಗಾದರೆ ನಿನ್ನ ಬದಲಿಗೆ ಈ ಮನೆಯ ಹಿಂದೆ ಯಾರನ್ನಾದರೂ ನಿಲ್ಲಿಸಿ ಹೋಗು. ಮರ ನೆಡು. ಅವು ಮಾಡಿನ ನೆತ್ತಿ ದಾಟುವವರೆಗೆ ನಾನು ಕರೆದಾಗಲೆಲ್ಲ ಬರಬೇಕು. ದಾಟಿದ ಮೇಲೆ ನಾನು ಕರೆಯುವುದಿಲ್ಲ, ನೀನು ಪೂರ್ತಿ ಅವಳ ಮನೆಯವ' ಎಂದೆ. ಅವನು ಆಗಬಹುದು ಎಂದ. ಮರುವರ್ಷದ ಮಳೆಗಾಲಕ್ಕೆ, ಬೇಗ ಬೆಳೆಯುವ ಮರ ಯಾವುದೆಂದು ಕೇಳಿಕೊಂಡು ಬೆಳ್ತಂಗಡಿಗೆ ಹೋದ. ಅವನು ಗಾಳಿಮರವನ್ನೇ ಯಾಕೆ ತಂದನೆಂದು ಈಗಲಾದರೂ ಯೋಚಿಸು.

ನಿನಗೆ ಹೇಳಬಾರದೆಂದು ಆಣೆ ಹಾಕಿಸಿದವಳೂ ನಾನೇ. ನೀನೂ ಸ್ವಲ್ಪ ದಿನ ಹೆದರಿಕೊಂಡಿರು ಎಂದು.

ಅಂದರೆ ನೀನು ಮೇಯಿಸಿದ್ದು ನನ್ನ ಗಿಡಗಳನ್ನಲ್ಲ. ನಡುವಿನದ್ದನ್ನೆಲ್ಲ ಹೊಸದಾಗಿ ನೆಡಬೇಕು. ಅವನ ಬಿಡುಗಡೆ ಒಂದು ವರ್ಷ ಮುಂದಕ್ಕೆ ಹೋಯಿತು. ನನಗೇನೂ ನಷ್ಟವಿಲ್ಲ.

ಇತಿ,
ಅಮ್ಮಣಿ


ವಾಮದಪದವು
6-6-1959

ಅಮ್ಮಣಿ ಅತ್ತಿಗೆಗೆ,

ಸೋಮವಾರದ ಬಸ್ಸಿಗೆ ಬರುತ್ತೇನೆ. ಹುಕ್ರಪ್ಪನಿಗೆ ಹೇಳಿ ಗುಂಡಿ ತೋಡಿಸಿಡಿ, ಬೆಳ್ತಂಗಡಿಯಿಂದ ಒಂದು ಗಾಡಿ ಹೊಸ ಗಿಡ ತರಿಸಿಡಿ. ನಡುವಿನ ಗಿಡಗಳನ್ನು ನಾನೇ ನೆಡುತ್ತೇನೆ.

ಒಂದು ಗೋಣಿ ಮೀನಿನ ಗೊಬ್ಬರ ತರುತ್ತೇನೆ. ಬಸ್ಸಿನ ಮೇಲೆ ಹಾಕಲು ಕಂಡಕ್ಟರ್ ಒಪ್ಪದಿದ್ದರೆ ರವೂಫ್ ತಂದುಕೊಡುತ್ತಾನೆ. ನಾತ ಬರುತ್ತದೆ, ಕಿಟಕಿ ಹಾಕಿಕೊಳ್ಳಿ. ಇನ್ನು ಪ್ರತಿ ವರ್ಷ ಕಳುಹಿಸುತ್ತೇನೆ. ಕ್ಷಮೆ ಕೇಳಲು ಬರುತ್ತಿದ್ದೇನೆಂದು ತಿಳಿಯಬೇಡಿ. ಮರಗಳು ಬೇಗ ನಿಮ್ಮ ಮಾಡು ದಾಟಲಿ ಎಂದು ಬರುವುದು.

ನೆಟ್ಟು ಉಳಿದ ಗಿಡಗಳನ್ನು ನಾನು ತೆಗೆದುಕೊಂಡು ಹೋಗುತ್ತೇನೆ. ನನ್ನ ಪದವಿಗೂ ಒಂದು ಸಾಲು ಬೇಕು. ಅದನ್ನು ಅವರ ಕೈಯಲ್ಲೇ ನೆಡಿಸುತ್ತೇನೆ.

ನಿಮ್ಮ ಕಾಗದವನ್ನು ಅವರಿಗೆ ತೋರಿಸಲಿಲ್ಲ. 'ಅಲ್ಲಿ ಅವಳು ಇದ್ದಾಳಲ್ಲ' ಎಂದಿರಂತೆ ಹೌದೇ ಎಂದು ಮಾತ್ರ ಕೇಳಿದೆ. 'ಅಕ್ಕನಿಗೆ ಬಾಯಿ ನಿಲ್ಲುವುದಿಲ್ಲ' ಎಂದು ಎದ್ದು ಹಟ್ಟಿಗೆ ಹೋದರು. ಹಟ್ಟಿಯ ಮಾಡಿಗೆ ಹೊಸ ಸೋಗೆ ಕಟ್ಟಿದರು.

ಇತಿ,
ಪೂವಮ್ಮ


ಮುಂಡಾಜೆ
2-11-1961

ಪೂವಮ್ಮನಿಗೆ,

ಗೊಬ್ಬರ ಬಂತು, ಮೂರು ದಿವಸ ಮನೆಯೊಳಗೆ ಕೂರಲು ಆಗಲಿಲ್ಲ. ಗಿಡಗಳು ಚೆನ್ನಾಗಿವೆ. ನೀನು ನೆಟ್ಟವು ಉಳಿದವಕ್ಕಿಂತ ತುಸು ಗಿಡ್ಡ. ಮಾಡು ಮುಟ್ಟಲಿಲ್ಲ. ಬುಡ ಬಿಡಿಸಬೇಕು, ಸುಬ್ಬಯ್ಯನನ್ನು ಕಳುಹಿಸು.

ಇತಿ,
ಅಮ್ಮಣಿ


ವಾಮದಪದವು
11-6-1964

ಅಮ್ಮಣಿ ಅತ್ತಿಗೆಗೆ,

ನನ್ನ ಪದವಿನ ಸಾಲಿನ ಸುದ್ದಿ ಮೊದಲು ಬರೆಯುತ್ತೇನೆ. ನಾನು ನಿಮ್ಮಲ್ಲಿ ನೆಟ್ಟವುಗಳ ಜೊತೆ ಒಂದೇ ಗಾಡಿಯಲ್ಲಿ ಬಂದ ಗಿಡಗಳು, ಒಂದೇ ವಾರದಲ್ಲಿ ನೆಟ್ಟವು. ಇಲ್ಲಿ ಮುರಕಲ್ಲಿನ ಮೇಲೆ, ಒಂದು ಮುಷ್ಟಿ ಗೊಬ್ಬರವನ್ನೂ ಕಾಣದೆ, ಅವು ಹಟ್ಟಿಯ ಮಾಡು ದಾಟಿದವು, ಮನೆಯ ಮಾಡೂ ದಾಟಿದವು. ತುದಿ ನೋಡಬೇಕಾದರೆ ಕುತ್ತಿಗೆ ನೋಯುತ್ತದೆ. ಹೋದ ಮಳೆಗಾಲದಲ್ಲಿ ಹಟ್ಟಿಯ ಒಂದು ಸೋಗೆಯೂ ಹಾರಲಿಲ್ಲ. ಸ್ವರ್ಣ ಅವುಗಳ ಕೆಳಗೆ ಕೂತು ಪರೀಕ್ಷೆಗೆ ಓದಿದಳು.

ನಿಮ್ಮ ಸಾಲಿಗೆ ಅವಕ್ಕಿಂತ ವಯಸ್ಸು ಹೆಚ್ಚು. ವರ್ಷಕ್ಕೊಂದು ಗೋಣಿ ಗೊಬ್ಬರ ತಿಂದಿದೆ. ಆದರೂ ಮಾಡಿಗಿಂತ ಒಂದು ಮೊಳ ಕೆಳಗೆ ನಿಂತಿದೆ. ಹೋದ ವರ್ಷವೂ ಒಂದು ಮೊಳ ಕೆಳಗೆ. ಅದರ ಹಿಂದಿನ ವರ್ಷವೂ. ನಾನು ನಿಮ್ಮಲ್ಲಿನ ಮಣ್ಣೇ ಸರಿ ಇಲ್ಲ ಎಂದುಕೊಂಡು ಗೊಬ್ಬರ ಹೆಚ್ಚು ಮಾಡಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಈ ಸಲ ತಂಬಿಲಕ್ಕೆ ಬಂದಾಗ ಬಚ್ಚಲಿಗೆ ಹೋದೆ. ಒಲೆಯ ಹಿಂದೆ ಗಾಳಿಮರದ ಹಸಿ ತುದಿಗಳ ಕಟ್ಟು ಒಣಗಲು ಇಟ್ಟಿತ್ತು. ಬಿಸಿನೀರು ತೋಡಿದವಳು ತಂಬಿಗೆ ಕೈಯಲ್ಲಿ ಹಿಡಿದು ಹಾಗೆಯೇ ನಿಂತೆ. ಹೊರಗೆ ಬಂದು ಸಾಲನ್ನು ನೋಡಿದೆ. ತುದಿಗಳೆಲ್ಲ ಒಂದೇ ಎತ್ತರ, ಕ್ಷೌರ ಮಾಡಿದ ಹಾಗೆ.

ಐದು ವರ್ಷ ನಾನು ಗೊಬ್ಬರ ಹೊತ್ತದ್ದು ನಿಮ್ಮ ಬಚ್ಚಲಿನ ಒಲೆಗೆ. ಐದು ವರ್ಷ ನೀವು ಕರೆದಾಗಲೆಲ್ಲ ನಾನು ಅವರ ಬಟ್ಟೆ ಮಡಚಿ ಚೀಲಕ್ಕೆ ಹಾಕಿದೆ. ನಿಮ್ಮ ತಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಬೇಕೋ ಬೇಡವೋ ಎಂಬುದನ್ನು ನೀವೇ ಬರೆಯಿರಿ.

ಇತಿ,
ಪೂವಮ್ಮ


ಮುಂಡಾಜೆ
1-7-1964

ಪೂವಮ್ಮನಿಗೆ,

ತುದಿ ಕಡಿದರೆ ಮರ ಅಡ್ಡಕ್ಕೆ ಹಬ್ಬುತ್ತದೆ, ಗಾಳಿ ಹೆಚ್ಚು ತಡೆಯುತ್ತದೆ ಎಂದು ಬರೆಯಲು ಕೂತಿದ್ದೆ. ಅದು ಸುಳ್ಳಲ್ಲ. ಆದರೆ ನೀನು ನಂಬುವುದಿಲ್ಲ.

ಮೊದಲ ವರ್ಷ ನಾನು ಕಡಿದದ್ದು ನಿಜವಾಗಿ ಒಲೆಗೇ. ಎರಡನೆಯ ವರ್ಷ ಒಂದು ಮರ ಮಾಡಿನ ನೆತ್ತಿಗೆ ಸಮ ಬಂತು. ಬೆಳಗ್ಗೆ ಹಲ್ಲು ಉಜ್ಜುವಾಗ ಅದನ್ನು ನೋಡಿದೆ. ಇನ್ನು ಅವನನ್ನು ಕರೆಯಲು ನನ್ನ ಹತ್ತಿರ ಏನು ಉಂಟು ಎಂದು ಅನಿಸಿತು. ಕತ್ತಿ ತೆಗೆದುಕೊಂಡೆ.

ಸುಬ್ಬಯ್ಯನಿಗೆ ಹೇಳಬೇಕಾಗಿಲ್ಲ. ಹುಕ್ರಪ್ಪನಿಗೆ ಈಗ ಮಂಡಿನೋವು, ಏಣಿ ಹತ್ತಲು ಆಗುವುದಿಲ್ಲ. ಮೂರು ವರ್ಷದಿಂದ ಹತ್ತುವುದು ನಾನೇ. ಕೆಳಗೆ ಏಣಿ ಹಿಡಿದು ನಿಲ್ಲುವವನು ಸುಬ್ಬಯ್ಯನೇ. ಮೊದಲ ಸಲ ನಾನು ಏನೋ ನೆಪ ಹೇಳಿದೆ. ಇಳಿಯುವಾಗ, 'ಅಕ್ಕ, ಈಚೆ ಒಂದು ಉಳಿದಿದೆ' ಎಂದು ತೋರಿಸಿದ.

ನೀನು ಏನು ಬರೆಯುತ್ತೀಯೋ ಬರೆ.

ಇತಿ,
ಅಮ್ಮಣಿ


ವಾಮದಪದವು
13-7-1964

ಅಮ್ಮಣಿ ಅತ್ತಿಗೆಗೆ,

ನಿಮ್ಮ ಕಾಗದ ಓದಿ ಎರಡು ದಿವಸ ಅವರಿಗೆ ಉಪ್ಪಿಲ್ಲದ ಸಾರು ಬಡಿಸಿದೆ. ಉಪ್ಪು ಕೇಳದೆ ಉಂಡರು. ಮೂರನೆಯ ದಿವಸ, 'ಏಣಿ ಗಟ್ಟಿ ಉಂಟೋ ಅಲ್ಲಿ?' ಎಂದು ಕೇಳಿದೆ. ಅವರು ತಟ್ಟೆ ನೋಡುತ್ತಾ, 'ಅಕ್ಕನಿಗೆ ಕಾಲು ನಡುಗ್ತದೆ, ಯಾರಾದ್ರೂ ಹಿಡಿಯದಿದ್ರೆ ಬೀಳ್ತಾಳೆ' ಎಂದರು.

ಹಿಂದೆ ಗಿಡದ ಮೇಲೆ ಇದ್ದ ಹೊಟ್ಟೆಕಿಚ್ಚು ಈಗ ಆ ಏಣಿಯ ಮೇಲೆ ಬಂದಿದೆ. ಹೋಗುವುದಿಲ್ಲ, ನಾನು ನೋಡಿದೆ. ಇಬ್ಬರೂ ಸೇರಿ ನನ್ನನ್ನು ಮಂಗ ಮಾಡಿದಿರಿ. ನಾನಿದ್ದೇನೆ ಎಂದು ಯಜಮಾನಿಕೆ ಬಿಟ್ಟ ಮನುಷ್ಯ, ನೀವಿದ್ದೀರಿ ಎಂದು ಏಣಿ ಹಿಡಿದು ನಿಂತರು. ಯಾರ ಮೇಲೆ ಸಿಟ್ಟು ಮಾಡುವುದೆಂದು ನನಗೆ ತಿಳಿಯುವುದಿಲ್ಲ.

ಒಂದು ಕೆಲಸ ಮಾಡುವ. ಆಟಿ ತಿಂಗಳಿಗೆ ನಮ್ಮಲ್ಲಿ ಹೊಸ ಮದುಮಗಳನ್ನು ತವರಿಗೆ ಕಳುಹಿಸುತ್ತಾರಲ್ಲ. ನಾನು ಹುಟ್ಟಿದ ಮನೆಯಲ್ಲೇ ಇರುವವಳು, ನನಗೆ ಆಟಿಗೆ ಹೋಗುವ ಮನೆ ಇರಲಿಲ್ಲ. ಇನ್ನು ಪ್ರತಿ ವರ್ಷ ನಿಮ್ಮ ತಮ್ಮನನ್ನು ಕಳುಹಿಸುತ್ತೇನೆ. ಊರು ನಗಲಿ. ಗುರುವಾರದ ಬಸ್ಸಿಗೆ ಹತ್ತಿಸುತ್ತೇನೆ. ಬಟ್ಟೆ ಮಡಚಿಟ್ಟಿದ್ದೇನೆ. ರವೂಫ್ ಕೊಟ್ಟ ಒಣಸಿಗಡಿಯ ಚಟ್ನಿ ಭರಣಿಯಲ್ಲಿ ಉಂಟು, ಅವರಿಗೆ ಅದಿಲ್ಲದೆ ಗಂಜಿ ಇಳಿಯುವುದಿಲ್ಲ. ಅದು ನಿಮಗೆ ಗೊತ್ತಿರಲಿಕ್ಕಿಲ್ಲ.

ಕರೆಯಲು ಇನ್ನು ನೆಪ ಬೇಡ, ತುದಿ ಕಡಿಯಬೇಡಿ. ಏಣಿಯನ್ನು ಅಟ್ಟಕ್ಕೆ ಹಾಕಿಸಿ. ನಾನು ನೆಟ್ಟ ನಡುವಿನ ಗಿಡಗಳನ್ನಾದರೂ ಬೆಳೆಯಲು ಬಿಡಿ, ಅವು ಹೇಗೆ ಕಾಣುತ್ತವೆಂದು ನನಗೊಮ್ಮೆ ನೋಡಬೇಕು.

ಆದರೆ ಆಟಿ ಒಂದೇ ತಿಂಗಳು ಅತ್ತಿಗೆ. ಆಟಿ ಮುಗಿಯುವ ಸೋಣ ಸಂಕ್ರಮಣದ ಸಂಜೆಯ ಬಸ್ಸಿಗೆ ನಾನು ಪದವಿನಲ್ಲಿ ನಿಂತಿರುತ್ತೇನೆ. ಅವರು ಇಳಿಯದಿದ್ದರೆ ಮರುದಿನದ ಬಸ್ಸಿಗೆ ನಾನು ಹತ್ತುತ್ತೇನೆ. ಬರುವಾಗ ಕತ್ತಿ ತರುತ್ತೇನೆ. ನನಗೆ ಏಣಿ ಬೇಕಾಗುವುದಿಲ್ಲ, ನಾನು ಕಡಿಯುವುದು ಬುಡದಿಂದ.

ಇತಿ ನಿಮ್ಮ ತಮ್ಮನ ಹೆಂಡತಿ,
ಪೂವಮ್ಮ